ಕ್ಲಿಪ್ಪು ಹಾಕಿಟ್ಟ ಕಾರಣ

ನಮ್ಮ ಸೀನಿಯರ್ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಯಾವತ್ತೂ ಕ್ಲಿಪ್ಪು ಸಾಲುತ್ತಿರಲಿಲ್ಲ. ಅವರ ಹೆಂಡತಿ, ನಾವು ಜೂನಿಯರುಗಳೆಲ್ಲ ಅಮ್ಮ ಎಂದು ಕರೆಯುತ್ತಿದ್ದವರು, ಸಂತೆಯಿಂದ ಕಟ್ಟುಗಟ್ಟಲೆ ತರುತ್ತಿದ್ದರು. ಸ್ವಲ್ಪ ದಿನದಲ್ಲೇ ಅವು ಒಂದೊಂದಾಗಿ ಹಿತ್ತಲು ಬಿಟ್ಟು ಮುಂಬದಿಯ ಆಫೀಸು ಕೋಣೆಗೆ ಬಂದು ಸೇರಿರುತ್ತಿದ್ದವು.

"ನಿಮ್ ಸಾಹೇಬ್ರು ಜಿಲ್ಲೇಲಿರೋ ಕೊಲೆಗಾರರನ್ನೆಲ್ಲ ನನ್ನ ಕ್ಲಿಪ್ಪಲ್ಲೇ ಹಿಡಿಯೋದು" ಎಂದು ಅಮ್ಮ ಕಾಫಿ ತಂದಿಡುತ್ತಾ ಹೇಳುತ್ತಿದ್ದರು. "ಇವರ ಪಂಚೆ ಗಾಳಿಗೆ ಹಾರ್ಕೊಂಡು ಹೋಗಿ ಪಕ್ಕದ ಮನೆ ಶೀಟಿನ ಮೇಲೆ ಕೂತಿದೆ. ಹೋಗಿ ಕೇಳಿ, ಅದಕ್ಕೇನು ಮೋಟಿವ್ ಇತ್ತು ಅಂತ."

ಸೀನಿಯರ್ ತಲೆ ಎತ್ತದೆ "ಆಗ್ಲಿ" ಎನ್ನುತ್ತಿದ್ದರು. ಅದು ಅವರ ಮಾತು. ಜಗಳ, ಆಮಂತ್ರಣ, ಬೈಗುಳ, ಆಜ್ಞೆ, ಎಲ್ಲವನ್ನೂ ಅವರು ಸ್ವೀಕರಿಸುತ್ತಿದ್ದದ್ದು ಆ ಒಂದು ಮಾತಿನಲ್ಲಿ.

ಹಾಸನದ ಸೆಷನ್ಸ್ ಕೋರ್ಟಿನಲ್ಲಿ ಅವರು ಆಗ ಸರ್ಕಾರದ ಪರ ವಕೀಲರು. ಊರವರ ಬಾಯಲ್ಲಿ ಪಿ.ಪಿ. ಸಾಹೇಬ್ರು. ಕೊಲೆ ಕೇಸುಗಳಲ್ಲಿ ಪೊಲೀಸರು ತಂದುಕೊಟ್ಟದ್ದನ್ನು ಜಡ್ಜರ ಮುಂದೆ ಸಾಬೀತು ಮಾಡುವುದು ಅವರ ಕೆಲಸ. ನಾನು ಕೆಲವು ವರ್ಷ ಅವರ ಜೂನಿಯರ್ ಆಗಿದ್ದೆ. ಮೈಸೂರಿನಲ್ಲಿ ತತ್ವಶಾಸ್ತ್ರ ಓದಿ, ಅದು ಹೊಟ್ಟೆಗಾಗುವುದಿಲ್ಲವೆಂದು ಕಾನೂನು ಓದಿ, ಆಮೇಲೆ ಕಾನೂನು ತಲೆಗಾಗುವುದಿಲ್ಲವೆಂದು ಅದನ್ನೂ ಬಿಟ್ಟು, ಈಗ ಚನ್ನರಾಯಪಟ್ಟಣದ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಹೇಳುತ್ತಿರುವವನು ನಾನು. ಮಧ್ಯೆ ಇನ್ನೊಂದೆರಡು ಕೆಲಸ ಹಿಡಿದದ್ದೂ ಉಂಟು, ಬಿಟ್ಟದ್ದೂ ಉಂಟು.

ಅವರು ಈಚೆಗೆ ತೀರಿಕೊಂಡರು. ಅವರ ಬಗ್ಗೆ ಬರೆಯಲು ಕೂತಾಗ ಒಂದು ತೊಡಕು ಎದುರಾಗುತ್ತಿದೆ. ಅವರ ಕಥೆಗಳನ್ನು ನಾನು ಕ್ಲಾಸಿನಲ್ಲಿ ಬಹಳ ಸಲ ಹೇಳಿದ್ದೇನೆ. ಹೇಳಿದಷ್ಟೂ ಕಥೆ ನುಣುಪಾಗುತ್ತದೆ, ಹುಡುಗರು ನಗುವ ಜಾಗದಲ್ಲಿ ಸ್ವಲ್ಪ ನಿಲ್ಲುತ್ತದೆ, ನಗದ ಜಾಗ ತಾನಾಗಿ ಉದುರಿಹೋಗುತ್ತದೆ. ಈಗ ನನ್ನ ತಲೆಯಲ್ಲಿರುವುದು ಕಂಡದ್ದೋ ಹೇಳಿ ಹೇಳಿ ರೂಢಿಯಾದದ್ದೋ ನನಗೇ ಗೊತ್ತಾಗುವುದಿಲ್ಲ. ಆದ್ದರಿಂದ ಅನುಮಾನ ಬಂದಲ್ಲಿ ಅನುಮಾನವಿದೆ ಎಂದೇ ಬರೆಯುತ್ತೇನೆ.

ಕ್ಲಿಪ್ಪಿನ ಬಗ್ಗೆ ಅನುಮಾನವಿಲ್ಲ. ನಾನು ಸೇರಿದ ಮೊದಲ ದಿನವೇ ಅವರು ಒಂದು ಕೊಲೆ ಕೇಸಿನ ಚಾರ್ಜ್‌ಶೀಟು ಕೊಟ್ಟು ಓದಲು ಹೇಳಿದರು. ಅದರ ಕೆಲವು ಹಾಳೆಗಳನ್ನು ಒಟ್ಟಿಗೆ ಮಡಚಿ ಹಳದಿ ಬಣ್ಣದ ಬಟ್ಟೆ ಕ್ಲಿಪ್ಪು ಹಾಕಿತ್ತು. ನಾನು ಕ್ಲಿಪ್ಪು ತೆಗೆಯಲು ಹೋದೆ.

"ಅದನ್ನ ಬಿಡು. ಅದು ಮೋಟಿವ್. ಯಾಕೆ ಕೊಂದ ಅನ್ನೋ ಭಾಗ."

"ಅದೇ ಮುಖ್ಯ ಅಲ್ವಾ ಸಾರ್? ಕಣ್ಣಲ್ಲಿ ಕಂಡವರು ಯಾರೂ ಇಲ್ಲದ ಕೇಸು ಇದು."

"ಹೌದು, ಮುಖ್ಯ. ಊಟ ಆದ್ಮೇಲೆ ಎಲೆ ಅಡಿಕೆ ಹಾಕ್ತೀವಲ್ಲ, ಹಂಗೆ ಅದು. ಮೊದ್ಲೇ ಹಾಕ್ಕೊಂಡ್ರೆ ಅನ್ನ ಬೆಂದಿದೆಯೋ ಇಲ್ವೋ ಬಾಯಿಗೆ ಗೊತ್ತಾಗಲ್ಲ ಕಣಯ್ಯ. ಮಿಕ್ಕಿದ್ದು ಓದು. ಯಾರು ಎಲ್ಲಿದ್ದ, ಯಾರು ನೋಡಿದ್ರು, ಡಾಕ್ಟ್ರು ಏನಂದ್ರು. ಅಷ್ಟು ತನ್ನ ಕಾಲ ಮೇಲೆ ತಾನೇ ನಿಂತ್ರೆ ಆಮೇಲೆ ಕ್ಲಿಪ್ಪು ತೆಗಿ."

ನಾನು ಹೊಸದಾಗಿ ಓದಿ ಬಂದಿದ್ದ ಉಮೇದಿನಲ್ಲಿ ವಾದಕ್ಕೆ ನಿಂತೆ. ಕಂಡ ಸಾಕ್ಷಿ ಇದ್ದರೆ ಕಾರಣ ಬೇಕಿಲ್ಲ, ಸಾಂದರ್ಭಿಕ ಸಾಕ್ಷ್ಯ ಮಾತ್ರ ಇದ್ದಾಗ ಕಾರಣಕ್ಕೆ ತೂಕ ಹೆಚ್ಚು ಎಂದು ತೀರ್ಪುಗಳೇ ಹೇಳುತ್ತವಲ್ಲ ಎಂದೆ.

"ಹೇಳ್ತವೆ" ಎಂದರು. "ಅದಕ್ಕೇ ಭಯ ನನಗೆ. ಬೇಕೇ ಬೇಕು ಅಂತಾದಾಗ ಮನುಷ್ಯ ಅದನ್ನ ತಯಾರು ಮಾಡ್ಕೋತಾನೆ."

ಈ ಮಾತು ನನಗೆ ಅರ್ಥವಾಗಲೆಂದು ಅವರು ಆಡಿಸಿದ್ದೊಂದು ಆಟ. ಹಾಸನದಿಂದ ಹೊಳೆನರಸೀಪುರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅವರಿಗೆ ಕಾರು ಕೊಳ್ಳುವ ಆಸೆಯೂ ಇರಲಿಲ್ಲ, ಬಸ್ಸಿನಲ್ಲಿ ಕಿಟಕಿ ಸೀಟು ಬಿಟ್ಟುಕೊಡುವ ಔದಾರ್ಯವೂ ಇರಲಿಲ್ಲ. ಕರಿ ಕೋಟನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ಅಮ್ಮ ಕಟ್ಟಿಕೊಟ್ಟ ಸೌತೆಕಾಯಿ ಹೋಳುಗಳನ್ನು ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಾ ಕೇಳಿದರು.

"ಆ ಕಂಡಕ್ಟರು, ಆ ಮೂಟೆ ಇಟ್ಕೊಂಡಿರೋ ಹೆಂಗಸು. ನಾಳೆ ಆಕೆ ಸತ್ತು ಬಿದ್ದಿದ್ರೆ ಕಂಡಕ್ಟರಿಗೆ ಏನು ಕಾರಣ?"

ನಾನು ನೋಡಿದೆ. ಆಕೆ ತೆಂಗಿನಕಾಯಿ ಮೂಟೆಯನ್ನು ನಡುದಾರಿಯಲ್ಲೇ ಇಟ್ಟಿದ್ದಳು. ಲಗೇಜಿನ ಟಿಕೆಟ್ಟಿನ ವಿಷಯಕ್ಕೆ ಆಗಲೇ ಒಂದು ಸುತ್ತು ಮಾತಾಗಿತ್ತು. "ಏನವ್ವ, ಬಸ್ಸು ನಿಮ್ಮಪ್ಪಂದಾ?" ಎಂದು ಅವನು, "ನಿಮ್ಮಪ್ಪಂದಾಗಿದ್ರೆ ಇಷ್ಟೊತ್ಗೆ ಮಾರ್ಕಂಡಿರ್ತಿದ್ದೆ ಕಣ ಬುಡು" ಎಂದು ಅವಳು. ಬಸ್ಸೆಲ್ಲ ನಕ್ಕಿತ್ತು. ಜನರ ಮುಂದೆ ಅವಮಾನ, ಒಂದೇ ದಾರಿಯಲ್ಲಿ ದಿನಾ ಓಡಾಟ, ಹಿಂದಿನ ಜಗಳ ಇರಬಹುದು. ಹೇಳುತ್ತಾ ಹೋದಂತೆ ಆ ಕಂಡಕ್ಟರಿನ ಮೀಸೆಯೂ ನನಗೆ ಅನುಮಾನಾಸ್ಪದವಾಗಿ ಕಾಣತೊಡಗಿತು.

"ನೋಡಿದ್ಯಾ" ಎಂದರು ಸೀನಿಯರ್. "ಊರು ಬರೋದ್ರೊಳಗೆ ಕೊಲೆಗೆ ಕಾರಣ ಸಿಕ್ತು. ಇನ್ನು ಹೆಣ ಒಂದು ಬಾಕಿ."

ಅವರು ಸಾಕ್ಷಿಗಳನ್ನು ಕಾಣುತ್ತಿದ್ದ ರೀತಿ ಬೇರೆ. ಹಳ್ಳಿಯಿಂದ ಮೊದಲ ಬಸ್ಸಿಗೇ ಬಂದು ಕೋರ್ಟಿನ ಜಗಲಿಯ ಮೇಲೆ ಮುದುರಿ ಕೂತಿರುತ್ತಿದ್ದವರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಇಡ್ಲಿ ಕೊಡಿಸುತ್ತಿದ್ದರು. ಕೇಸಿನ ವಿಷಯ ಎತ್ತುತ್ತಿರಲಿಲ್ಲ. ಮಳೆ, ಎಮ್ಮೆ, ಸೊಸೆ ಇಂಥವೇ ಮಾತು. ಏಳುವಾಗ ಮಾತ್ರ ಒಂದು ಮಾತು ಹೇಳುತ್ತಿದ್ದರು: "ನೋಡಿದ್ದು, ಕೇಳಿದ್ದು ಹೇಳಿ. ಅಂದ್ಕೊಂಡಿದ್ದನ್ನ ಈ ಟೇಬಲ್ ಮೇಲೇ ಬಿಟ್ಟು ಬನ್ನಿ."

ಇಷ್ಟಕ್ಕೂ ಅವರು ಅಂಥ ದೊಡ್ಡ ವಾಗ್ಮಿಯಲ್ಲ. ಇಂಗ್ಲಿಷು ಮಾತಾಡುವಾಗ ಒಂದೊಂದು ಪದಕ್ಕೂ ಕೈ ಮುಂದೆ ಮಾಡುತ್ತಿದ್ದರು, ಕತ್ತಲಲ್ಲಿ ಗೋಡೆ ಹುಡುಕುವವರ ಹಾಗೆ. ಹುಟ್ಟಿದ ಊರು ಅರಕಲಗೂಡಿನ ಆಚೆ, ರುದ್ರಪಟ್ಟಣದ ಪಕ್ಕ. ವರ್ಷವರ್ಷವೂ ಸಂಗೀತೋತ್ಸವಕ್ಕೆ ತಪ್ಪದೆ ಹೋಗಿ ಮುಂದಿನ ಸಾಲಿನಲ್ಲಿ ಕೂತು ಗಾಢವಾಗಿ ನಿದ್ದೆ ಮಾಡಿ ಬರುತ್ತಿದ್ದರು. "ಅಷ್ಟು ಒಳ್ಳೆ ನಿದ್ದೆ ಬೇರೆ ಎಲ್ಲೂ ಬರಲ್ಲ ಕಣಯ್ಯ, ಅದೂ ಒಂದು ಮೆಚ್ಚುಗೆನೇ" ಎನ್ನುತ್ತಿದ್ದರು.

ಇನ್ನು ಆ ಕೇಸು. ನಾನು ಕ್ಲಾಸಿನಲ್ಲಿ ಹೇಳುವುದು ಅದನ್ನೇ.

ಹೊಳೆನರಸೀಪುರದ ಕಡೆಯ ಒಂದು ಹಳ್ಳಿ. ಅಣ್ಣತಮ್ಮಂದಿರಿಬ್ಬರ ಮನೆಗಳ ನಡುವೆ ಒಂದೇ ಗೋಡೆ, ಗದ್ದೆಗಳಿಗೆ ನಾಲೆಯಿಂದ ಒಂದೇ ತೂಬು. ಒಂದು ಮುಂಜಾನೆ ಅಣ್ಣನ ಹೆಣ ನಾಲೆಯಲ್ಲಿ ಸಿಕ್ಕಿತು. ತಲೆಯ ಹಿಂಭಾಗದಲ್ಲಿ ಪೆಟ್ಟು. ಹಿಂದಿನ ಸಂಜೆ ಕತ್ತಲಾಗುವ ಹೊತ್ತಿಗೆ ಅಣ್ಣ ನಾಲೆಯ ಕಡೆ ಹೋದದ್ದನ್ನೂ, ಸ್ವಲ್ಪ ಹೊತ್ತಿನ ಮೇಲೆ ತಮ್ಮ ಅದೇ ದಾರಿಯಲ್ಲಿ ಹೋದದ್ದನ್ನೂ ಅಂಗಡಿಯವನೊಬ್ಬ ನೋಡಿದ್ದ. ಪೆಟ್ಟು ಯಾರೋ ಹೊಡೆದದ್ದೂ ಇರಬಹುದು, ತೂಬಿನ ಕಲ್ಲಿನ ಮೇಲೆ ಬಿದ್ದದ್ದೂ ಇರಬಹುದು ಎಂದು ಡಾಕ್ಟರು ಬರೆದಿದ್ದರು. ಇಷ್ಟು ಬಿಟ್ಟರೆ ಪೊಲೀಸರ ಕೈಯಲ್ಲಿದ್ದದ್ದು ಕಾರಣ. ಅಣ್ಣತಮ್ಮಂದಿರು ವರ್ಷಗಳಿಂದ ಮಾತು ಬಿಟ್ಟಿದ್ದರು. ನೀರಿನ ವಿಷಯಕ್ಕೆ ಹಗೆ ಎಂದು ಚಾರ್ಜ್‌ಶೀಟಿನಲ್ಲಿತ್ತು. ಸತ್ತವನ ಹೆಂಡತಿಯೇ ಹೇಳಿಕೆ ಕೊಟ್ಟಿದ್ದಳು. ತಮ್ಮ ಬಂಧನವಾದಾಗಿನಿಂದ ಜೈಲಿನಲ್ಲೇ ಇದ್ದ. ನಾವು ಕೇಸು ಗೆದ್ದರೆ ಅವನಿಗೆ ಜೀವಾವಧಿ.

ಸೀನಿಯರ್ ಎಂದಿನಂತೆ ಕ್ಲಿಪ್ಪು ಹಾಕಿ ಮಿಕ್ಕಿದ್ದನ್ನು ಓದಿದರು. ಮತ್ತೆ ಓದಿದರು. "ಇದು ಒಂಟಿ ಕಾಲಲ್ಲಿ ನಿಂತಿದೆಯಲ್ಲೋ" ಎಂದರು. ಕ್ಲಿಪ್ಪು ತೆಗೆದರು. ಕೇಸು ಎರಡೂ ಕಾಲಲ್ಲಿ ನಿಂತಿತು. ಅದನ್ನು ನೋಡಿ ಅವರಿಗೆ ಸಮಾಧಾನವಾಗಲಿಲ್ಲ. ಕ್ಲಿಪ್ಪನ್ನು ಬೆರಳಿಗೆ ಕಚ್ಚಿಸಿಕೊಂಡು ಕೂತರು.

ಜಾಗ ನೋಡಿ ಬರೋಣವೆಂದು ಒಂದು ದಿನ ಇಬ್ಬರೂ ಹೋದೆವು. ನಾಲೆಯ ಏರಿಯ ಮೇಲೆ ನಡೆಯುತ್ತಾ ತೂಬಿನ ಹತ್ತಿರ ಬಂದಾಗ ಅವರು ಪಾಚಿಯ ಮೇಲೆ ಕಾಲಿಟ್ಟು ಜಾರಿದರು. ನಾನು ರಟ್ಟೆ ಹಿಡಿದೆ. ಚಪ್ಪಲಿ ಒಂದು ನೀರಿಗೆ ಹೋಯಿತು. ಅದು ತೇಲಿಕೊಂಡು ಹೋಗುವುದನ್ನೇ ನೋಡುತ್ತಾ "ಹಗಲು ಹೊತ್ತಲ್ಲೇ ಹಿಂಗೆ" ಎಂದರು. ಆಮೇಲೆ "ಬರಿಗಾಲಲ್ಲಿ ಹಾಸನಕ್ಕೆ ಹೋದ್ರೆ ನಿಮ್ಮಮ್ಮ ಪಾಟಿ ಸವಾಲು ಹಾಕ್ತಾಳೆ. ಇಷ್ಟು ದೂರ ಬಂದಿದ್ದೀವಿ, ನಮ್ಮೂರಿಗೆ ಹೋಗೋಣ, ಅಲ್ಲಿ ನಂದೊಂದು ಹಳೇ ಜೊತೆ ಇರಬೇಕು" ಎಂದರು. ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ ಅವರ ಊರು ಸೇರಿದೆವು.

ಮನೆಯ ಮುಂದೆ ಅವರ ತಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದರು. ನಮ್ಮನ್ನು ನೋಡಿದರು. ಬನ್ನಿ ಎನ್ನಲಿಲ್ಲ. ಹಸುವಿನ ಕಡೆ ತಿರುಗಿದರು.

"ಕೆಂಪಿ, ಪ್ಯಾಟೆಯೋರು ಬಿಸ್ಲಲ್ಲಿ ಬಂದವ್ರೆ. ಎಳ್ನೀರು ಕುಡಿದಾರಾ ಕೇಳು."

ನಮ್ಮ ಸೀನಿಯರ್ ಜಗಲಿಯ ಮೇಲೆ ಕೂತು, ಅವರೂ ಹಸುವನ್ನೇ ನೋಡುತ್ತಾ "ಎರಡು ಸಾಕು ಅಂತ ಹೇಳು ಕೆಂಪಿ. ಇವ್ರು ನಮ್ಮ ಜೂನಿಯರ್ರು, ಎಂ.ಎ. ಓದವ್ರೆ, ಸ್ವಲ್ಪ ಮರ್ಯಾದೆ ಇರ್ಲಿ ಅನ್ನು" ಎಂದರು.

"ಎಂ.ಎ. ಓದ್ದೋರು ಎಳ್ನೀರು ಎತ್ಕೊಂಡು ಕುಡಿತಾರೋ, ಲೋಟ ಬೇಕೋ?"

"ಎತ್ಕೊಂಡೇ ಕುಡಿತಾರೆ ಅನ್ನು."

ಹಸು ಹುಲ್ಲು ಮೇಯುತ್ತಿತ್ತು. ತಮ್ಮ ಹೋಗಿ ಎಳನೀರು ಕೆತ್ತಿ ತಂದು ನನ್ನ ಕೈಗೊಂದು ಕೊಟ್ಟು, ಇನ್ನೊಂದನ್ನು ಜಗಲಿಯ ಮೇಲೆ ಅಣ್ಣನಿಗೆ ಎಟುಕುವಷ್ಟು ದೂರದಲ್ಲಿ ಇಟ್ಟರು. ಚಪ್ಪಲಿಯ ಸಂಗತಿಯೂ ಕೆಂಪಿಯ ಮೂಲಕವೇ ಹೋಗಿ, ಅಟ್ಟದ ಮೇಲಿಂದ ಜೊತೆ ಬಂತು. ಹೊರಡುವಾಗ "ರಾಗಿಹಿಟ್ಟು ಒಂದಷ್ಟು ಕಟ್ಟಿಟ್ಟೀವ್ನಿ, ತಕ್ಕೊಂಡೋಗ್ಲಿ" ಎಂದು ಹಸುವಿಗೆ ಹೇಳಿದರು. "ಆಗ್ಲಿ" ಎಂದರು ಸೀನಿಯರ್, ಹಸುವಿಗೆ.

ಬಸ್ಸಿನಲ್ಲಿ ನಾನು ಕೇಳಿಯೇಬಿಟ್ಟೆ. "ಯಾಕೆ ಸಾರ್ ಮಾತು ಬಿಟ್ಟಿದ್ದೀರಿ?"

ಅವರು ಕಿಟಕಿಯಿಂದ ಆಚೆ ನೋಡುತ್ತಿದ್ದರು. "ಆ ಹಾಳೆಗೆ ಕ್ಲಿಪ್ಪು ಹಾಕಿದ್ದೀನಿ ಕಣಯ್ಯ" ಎಂದರು. ಆಮೇಲೆ, "ನಮ್ಮ ಕಡೆ ಮಾತು ಬಿಡೋದು ಅಂದ್ರೆ ಮಾತಾಡೋದು ನಿಲ್ಲಿಸೋದಲ್ಲ. ನಿನಗೆ ಗೊತ್ತಾಗಲ್ಲ, ನೀನು ಪ್ಯಾಟೇಲಿ ಬೆಳೆದೋನು" ಎಂದರು.

ಅದಾದ ಸ್ವಲ್ಪ ದಿನಕ್ಕೆ ಸತ್ತವನ ಹೆಂಡತಿ ಸಾಕ್ಷಿ ಹೇಳಲು ಬಂದಳು. ಸೆರಗು ಹೊದ್ದು ಕಟಕಟೆಯಲ್ಲಿ ನಿಂತಳು. ಎದುರಿಗೆ ಆರೋಪಿಗಳ ಜಾಗದಲ್ಲಿ ಮೈದುನ, ಕಾಲ ಬೆರಳು ನೋಡುತ್ತಾ. ಸೀನಿಯರ್ ಕೇಳಬೇಕಾದ್ದನ್ನು ಕೇಳಿದರು.

"ನಿಮ್ಮ ಯಜಮಾನ್ರೂ ನಿಮ್ಮ ಮೈದುನಾನೂ ಮಾತಾಡ್ತಿದ್ರಾ?"

"ಇಲ್ಲ ಸಾ."

"ಯಾವಾಗಿಂದ?"

"ನಮ್ಮತ್ತೆ ಸತ್ತಾಗ್ಲಿಂದ."

ಆರೋಪಿಗೆ ಸ್ವಂತ ವಕೀಲರನ್ನಿಡುವ ಶಕ್ತಿ ಇರಲಿಲ್ಲ. ಕೋರ್ಟೇ ಒಬ್ಬ ಹೊಸ ಹುಡುಗನನ್ನು ನೇಮಿಸಿತ್ತು. ಅವನು ಎದ್ದು ಪಾಟಿ ಸವಾಲಿನಲ್ಲಿ ಜೋರಾಗಿ, ಅಣ್ಣತಮ್ಮಂದಿರು ಚೆನ್ನಾಗಿ ಮಾತಾಡಿಕೊಂಡೇ ಇದ್ದರು, ನೀವು ಪೊಲೀಸರು ಹೇಳಿಕೊಟ್ಟಂತೆ ಸುಳ್ಳು ಹೇಳುತ್ತಿದ್ದೀರಿ ಎಂದ.

ಅವಳಿಗೆ ಸಿಟ್ಟು ಬಂತು. "ನಾನ್ಯಾಕಪ್ಪ ಸುಳ್ಳೇಳ್ಲಿ? ಮಾತಿಲ್ಲ ಅಂದ್ರೆ ಇಲ್ಲ. ದೇವ್ರಾಣೆಗೂ ಒಬ್ರಿಗೊಬ್ರು ಒಂದ್ ಮಾತಿಲ್ಲ."

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆರೋಪಿಯ ಪರ ವಕೀಲನೇ ಹಗೆಯನ್ನು ಗಟ್ಟಿ ಮಾಡಿಕೊಟ್ಟಿದ್ದ. ಹಿಂದೆ ಕೂತಿದ್ದ ಇನ್ಸ್‌ಪೆಕ್ಟರು ಕಾಲ ಮೇಲೆ ಕಾಲು ಹಾಕಿಕೊಂಡರು. ಹುಡುಗ ಕೂತ. ಆಗ ಸೀನಿಯರ್ ಎದ್ದರು. ಪಾಟಿ ಸವಾಲಾದ ಮೇಲೆ ಮರು ವಿಚಾರಣೆಗೆ ಅವರಿಗೆ ಅವಕಾಶವಿತ್ತು. ಅವಕಾಶವಿತ್ತೇ ಹೊರತು ಅಗತ್ಯವೇನೂ ಇರಲಿಲ್ಲ.

"ಅಮ್ಮ, ನಿಮಗೂ ಅವರಿಗೂ ಒಂದೇ ತೂಬು. ಯಾವತ್ತು ಯಾರು ನೀರು ಕಟ್ಕೋಬೇಕು ಅಂತ ಹೆಂಗೆ ತಿಳೀತಿತ್ತು?"

"ಎತ್ಗೆ ಏಳೋರು ಸಾ."

ಕೋರ್ಟು ನಕ್ಕಿತು. ಜಡ್ಜರು ತಲೆ ಎತ್ತಿ ನೋಡಿದರು. ಸೀನಿಯರ್ ನಗಲಿಲ್ಲ. "ಸ್ವಲ್ಪ ಬಿಡಿಸಿ ಹೇಳಮ್ಮ. ಜಡ್ಜ್ ಸಾಹೇಬ್ರು ಬೇರೆ ಕಡೆಯೋರು."

"ಅಟ್ಟಿ ಮುಂದೆ ಎತ್ತು ಕಟ್ಟಿರ್ತೀವಲ್ಲ ಸಾ. ಇವ್ರು ಅಲ್ಲೇ ಕುಂತಿರೋರು. ಅವ್ನು ಬಂದು ನಮ್ಮೆತ್ಗೆ ಏಳೋನು, 'ಲೇ ರಾಮ, ನಾಳಿಕ್ಕೆ ನೀರು ನಮ್ದು ಕಣ್ಲಾ' ಅಂತ. ಇವ್ರು ಎತ್ತಿನ ಬೆನ್ನು ಸವರ್ಕಂಡು, 'ಮೂಲೆ ಗದ್ದೆ ಒಂದು ಮುಗೀಲಿ ಅನ್ನು ರಾಮ' ಅನ್ನೋರು. ನನ್ನ ಮಗಳ ಮದ್ವೆನೂ ಅಂಗೇ ಮಾತಾಡ್ಕಂಡ್ರು. ಚಿಕ್ಕಪ್ಪ ಅನ್ನಿಸ್ಕಂಡೋನು ಅವ್ನೇ ಧಾರೆಗೆ ಓಡಾಡ್ದೋನು."

"ಆ ದಿನ ಸಂಜೆ ಬಂದಿದ್ನಾ?"

ಅವಳು ಮೈದುನನ ಕಡೆ ನೋಡಿದಳು. ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡಳು.

"ಬಂದಿದ್ದ. 'ಲೇ ರಾಮ, ನಾಲೆ ಏರಿ ಪಾಚಿ ಕಟ್ಟೈತೆ. ಬ್ಯಾಟ್ರಿ ತಕ್ಕೊಂಡು ಓಗು ಅನ್ನು ನಿಮ್ಮಪ್ಪಂಗೆ' ಅಂದ. ಇವ್ರು ತಕ್ಕೊಂಡೋಗ್ನಿಲ್ಲ."

"ಇದನ್ನ ಪೊಲೀಸಿನೋರಿಗೆ ಯಾಕೆ ಹೇಳ್ಲಿಲ್ಲ?"

"ಮಾತಾಡ್ತಿದ್ರಾ ಅಂತ ಕೇಳಿದ್ರು ಸಾ. ಮಾತಾಡ್ತಿರ್ನಿಲ್ವಲ್ಲ."

ಆರೋಪಿ ಕೈಯಿಂದ ಮುಖ ಮುಚ್ಚಿಕೊಂಡು ಕೆಳಗೆ ಕೂತುಬಿಟ್ಟ. ಪಕ್ಕದಲ್ಲಿದ್ದ ಪೇದೆ ಅವನನ್ನು ಎಬ್ಬಿಸಲಿಲ್ಲ. "ಆಗ್ಲಿ" ಎಂದು ಸೀನಿಯರ್ ಕೂತುಕೊಂಡರು.

ತಮ್ಮನಿಗೆ ಬಿಡುಗಡೆಯಾಯಿತು. ಹಗೆ ಸಾಬೀತಾಗಿಲ್ಲ, ಅದನ್ನು ತೆಗೆದರೆ ಉಳಿದ ಸಂದರ್ಭಗಳು ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲ ಎಂದು ಜಡ್ಜರು ಬರೆದರು. ಸೀನಿಯರ್ ಅವಧಿ ಮುಗಿದಾಗ ಅವರನ್ನು ಮುಂದುವರಿಸಲಿಲ್ಲ. ಈ ಕೇಸೇ ಕಾರಣ ಎಂದು ಎಲ್ಲರೂ ಹೇಳಿದರು. ನನಗೂ ಹಾಗೇ ಅನ್ನಿಸುತ್ತದೆ. ಹಾಗೆ ಅನ್ನಿಸುವಾಗಲೆಲ್ಲ ಕ್ಲಿಪ್ಪು ನೆನಪಾಗುತ್ತದೆ.

ಅವರು ತಮ್ಮ ಕೇಸಿನ ಬುಡಕ್ಕೆ ತಾವೇ ಯಾಕೆ ಕೈ ಹಾಕಿದರು ಎಂಬುದಕ್ಕೆ ವಕೀಲರ ಕ್ಯಾಂಟೀನಿನಲ್ಲಿ ದಿನಕ್ಕೊಂದು ಉತ್ತರ ಹುಟ್ಟುತ್ತಿತ್ತು. ಆರೋಪಿಯ ಕಡೆಯವರಿಂದ ಏನೋ ಕೈ ಸೇರಿದೆ ಎಂದರು ಕೆಲವರು. ಇನ್ಸ್‌ಪೆಕ್ಟರ ಮೇಲಿನ ಹಳೆಯ ಸಿಟ್ಟು ಎಂದರು ಕೆಲವರು. ನನ್ನ ಉತ್ತರ ಎಲ್ಲರದ್ದಕ್ಕಿಂತ ಚೆಂದವಿತ್ತು: ತನ್ನ ತಮ್ಮನೊಡನೆ ಮಾತು ಬಿಟ್ಟ ಅಣ್ಣ, ಇನ್ನೊಬ್ಬರ ತಮ್ಮನನ್ನು ಉಳಿಸಿದ. ಒಂದು ದಿನ ಚಹಾ ಕುಡಿಯುತ್ತಾ ಅದನ್ನು ಅವರ ಮುಂದೆಯೇ ಹೇಳಿದೆ.

ಲೋಟ ಕೆಳಗಿಟ್ಟು ನಕ್ಕರು. "ನಿಂದೂ ಒಂದಿದೆಯಾ? ಚೆನ್ನಾಗಿದೆ. ಬಸ್ಸಲ್ಲಿ ಆಡಿದ ಆಟ ನೀನು ಮರೆತಿಲ್ಲ."

"ಹಾಗಾದ್ರೆ ಯಾಕೆ ಕೇಳಿದ್ರಿ ಸಾರ್?"

"ಆಕೆಗೆ ಗೊತ್ತಿತ್ತು, ಕೇಳ್ದೆ."

"ಅವನೇ ತಳ್ಳಿದ್ದಿದ್ರೆ?"

"ತಳ್ಳಿದ್ರೂ ತಳ್ಳಿರಬಹುದು. ಬ್ಯಾಟ್ರಿ ತಗೊಂಡು ಹೋಗು ಅಂದ ಬಾಯಿ, ತಳ್ಳೋ ಕೈ ಎರಡೂ ಒಬ್ಬನಿಗೇ ಇರಬಹುದು. ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ ವಿಷಯಕ್ಕೆ ಒಬ್ಬ ಮನುಷ್ಯನ್ನ ಸಾಯೋವರೆಗೂ ಒಳಗಿಡೋಕೆ ನನ್ನ ಕೈಲಾಗಲ್ಲ." ಆಮೇಲೆ, ಚಹಾದ ದುಡ್ಡು ನಾನು ಕೊಡಲು ಹೋದಾಗ ಕೈ ತಳ್ಳಿ, "ನೀನು ಈ ಕೆಲಸದಲ್ಲಿ ಇರಲ್ಲ ಕಣಯ್ಯ. ನಿನಗೆ ಯಾಕೆ ಅನ್ನೋದು ಬಿಟ್ಟು ಬೇರೆ ಪ್ರಶ್ನೆನೇ ರುಚಿಸಲ್ಲ. ಹೋಗಿ ಪಾಠ ಹೇಳು, ಹುಡುಗರು ಉದ್ಧಾರ ಆಗ್ತಾರೆ" ಎಂದರು. ಬೈದರೋ ಹರಸಿದರೋ ಇವತ್ತಿಗೂ ತೀರ್ಮಾನವಾಗಿಲ್ಲ.

ಈಗ ನನ್ನ ಅನುಮಾನಗಳು. ಕೋರ್ಟಿನಲ್ಲಿ ತೂಬಿನ ಆ ಪ್ರಶ್ನೆ ಕೇಳಿದ್ದು ಸೀನಿಯರ್ ಎಂದೇ ನಾನು ಹೇಳಿಕೊಂಡು ಬಂದಿದ್ದೇನೆ. ಆ ದಿನ ಕೋರ್ಟಿನಲ್ಲಿ ಟೈಪು ಮಾಡುತ್ತಿದ್ದವರು ಈಚೆಗೆ ಶ್ರವಣಬೆಳಗೊಳದ ಬಸ್ಸಿನಲ್ಲಿ ಸಿಕ್ಕಿ, "ಇಲ್ಲ ಇಲ್ಲ, ಕೇಳಿದ್ದು ಜಡ್ಜರೇ, ನಿಮ್ಮ ಸಾಹೇಬ್ರು ಸುಮ್ನೆ ಕೂತಿದ್ರು" ಎಂದರು. ಆ ಹೊಸ ಹುಡುಗ ಈಗ ದೊಡ್ಡ ವಕೀಲ. ಅದು ತನ್ನ ಪಾಟಿ ಸವಾಲಿನಲ್ಲೇ ಬಂದದ್ದೆಂದು ತನ್ನ ಜೂನಿಯರುಗಳಿಗೆ ಹೇಳುತ್ತಾನಂತೆ. ಹೇಳುವಾಗ ಅವನೂ ಸುಳ್ಳು ಹೇಳುತ್ತಿಲ್ಲ ಎಂದು ನನ್ನ ನಂಬಿಕೆ. ಅಷ್ಟು ಹಳೆಯ ಕಡತ ಈಗ ಸಿಗುವುದಿಲ್ಲವೆಂದು ಕಚೇರಿಯಲ್ಲಿ ಹೇಳಿದರು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಎತ್ತಿನ ಮಾತು ಕೋರ್ಟಿನಲ್ಲಿ ನಡೆದದ್ದು ನಿಜ, ಅದು ತೀರ್ಪಿನಲ್ಲೂ ಇತ್ತು, ಆಗ ಓದಿದ್ದೆ. ಕೆಂಪಿಯ ಜಗಲಿ? ಆ ಸಾಕ್ಷ್ಯ ಕೇಳಿದ ಮೇಲೆ ನನ್ನ ತಲೆಯೇ ಅವರ ತಮ್ಮನ ಮನೆಯ ಮುಂದೆ ಒಂದು ಹಸು ಕಟ್ಟಿ, ಅದರ ಬಾಯಿಗೆ ಹುಲ್ಲು ಕೊಟ್ಟು, ನನ್ನ 'ಚೆಂದದ ಉತ್ತರ'ಕ್ಕೆ ಬೇಕಾದ ಆಧಾರ ಹೊಂದಿಸಿಕೊಂಡಿತೇ? ಬೇಕೇ ಬೇಕು ಅಂತಾದಾಗ ಮನುಷ್ಯ ತಯಾರು ಮಾಡಿಕೊಳ್ಳುತ್ತಾನೆ. ನಾವು ಅಲ್ಲಿಗೆ ಹೋಗಿದ್ದು ನಿಜವೇ? ಹೋಗಿದ್ದರೆ ಚಪ್ಪಲಿಗೇ ಹೋಗಿದ್ದೆವೇ? ಒಂದು ಸಲ ಅವರನ್ನೇ ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವರ ನೆನಪು ನನ್ನದಕ್ಕಿಂತ ಮಸುಕಾಗಿತ್ತು. ಕೊನೆಯ ಸಲ ಹೋದಾಗ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ನೋಡಿ, "ತಿಂಡಿ ಆಯ್ತಾ?" ಎಂದರು. ಸಾಕ್ಷಿಗಳನ್ನು ಕೇಳುತ್ತಿದ್ದ ದನಿಯಲ್ಲೇ.

ಅವರು ಹೋದ ಸುದ್ದಿಯನ್ನು ಅಮ್ಮ ಫೋನಿನಲ್ಲಿ ಹೇಳಿದರು. ಊರಿನಲ್ಲೇ ಮಣ್ಣು ಮಾಡುವುದಂತೆ, ಬಾ ಎಂದರು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರ, ಅಲ್ಲಿಂದ ಅರಕಲಗೂಡು, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ನಾನು ನೋಡುತ್ತಾ ಹೋದದ್ದು ಈ ರಸ್ತೆ ನನಗೆ ಗೊತ್ತೇ ಎಂದು. ಗೊತ್ತೆನ್ನಿಸಲಿಲ್ಲ. ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಜಗಲಿ ಇತ್ತು. ಜಗಲಿ ಯಾವ ಮನೆಗಿಲ್ಲ? ಹಸು ಇರಲಿಲ್ಲ. ಕೊಟ್ಟಿಗೆಯ ಜಾಗದಲ್ಲಿ ಪವರ್ ಟಿಲ್ಲರ್ ನಿಂತಿತ್ತು.

ಅಮ್ಮ ಕಂಬಕ್ಕೊರಗಿ ಕೂತಿದ್ದರು. ನನ್ನನ್ನು ನೋಡಿ "ಬಂದ್ಯಾ. ನಿಮ್ ಸಾಹೇಬ್ರು ಎಷ್ಟೊತ್ತಿಂದ ಕಾಯ್ತಾವ್ರೆ ನೋಡು" ಎಂದರು.

ಚಟ್ಟ ಎತ್ತುವ ಹೊತ್ತಿಗೆ ಹಿಂದಿನ ಹೊಲದ ಕಡೆಯಿಂದ ಅವರ ತಮ್ಮ ಬಂದರು. ಬೆನ್ನು ಬಾಗಿತ್ತು. ಮೊಣಕಾಲಿನವರೆಗೆ ಮಣ್ಣು, ಹೆಗಲ ಮೇಲೆ ಗುದ್ದಲಿ. ಗುಂಡಿ ತೆಗೆಯಲು ಆಳು ಬೇಡವೆಂದು ತಾವೇ ಹೋಗಿದ್ದರಂತೆ. ಅಣ್ಣನ ಹತ್ತಿರ ಬಂದು ನಿಂತರು. ಎಲ್ಲರೂ ಅವರನ್ನೇ ನೋಡಿದರು.

ಗುಂಪಿನಲ್ಲಿದ್ದ ಹಿರಿಯರೊಬ್ಬರು, "ಈಗ್ಲಾದ್ರೂ ಒಂದ್ ಮಾತಾಡ್ಸ್ಲಾ ನಿಮ್ಮಣ್ಣನ್ನ" ಎಂದರು.

ಅವರು ಕೊಟ್ಟಿಗೆಯ ಕಡೆ ತಿರುಗಿದರು. ಅಲ್ಲಿ ಪವರ್ ಟಿಲ್ಲರ್ ಇತ್ತು. ಜನರ ಮೇಲೆ ಕಣ್ಣಾಡಿಸಿದರು. ಕಣ್ಣು ನನ್ನ ಮೇಲೆ ಬಂದು ನಿಂತಿತು.

"ಸಾ, ನೀವು ಅವತ್ತು ಬಂದಿದ್ದೋರಲ್ವಾ? ಎಂ.ಎ. ಓದ್ದೋರು. ಎಳ್ನೀರು ಎತ್ಕಂಡು ಕುಡ್ದು ಅಂಗಿ ಎಲ್ಲ ನೆನೆಸ್ಕಂಡ್ರಿ."

ಅಂಗಿ ನೆನೆದದ್ದು ನನಗೆ ನೆನಪಿರಲಿಲ್ಲ. "ಹೌದು" ಎಂದೆ.

"ಸ್ವಲ್ಪ ಹೇಳಿ ಸಾ, ನಿಮ್ ಸಾಹೇಬ್ರಿಗೆ." ಗುದ್ದಲಿಯನ್ನು ಹೆಗಲಿನಿಂದ ಇಳಿಸಿದರು. "ಅಪ್ಪನ ಪಕ್ಕದಲ್ಲೇ ಜಾಗ ಮಾಡೀವ್ನಿ. ಹುಣ್ಸೆ ಮರದ ನೆಳ್ಳು ಬೀಳ್ತೈತೆ, ಬಿಸ್ಲು ತಾಕಲ್ಲ ಅಂತ ಹೇಳಿ."

ಯಾರೂ ನಗಲಿಲ್ಲ. ಹೊರುವವರು ಹೆಗಲಿನ ಟವಲು ಸರಿಮಾಡಿಕೊಳ್ಳುತ್ತಾ ನಿಂತರು. ಸತ್ತವರಿಗೆ ಏನೂ ಕೇಳಿಸುವುದಿಲ್ಲ ಎಂದು ವರ್ಷಗಟ್ಟಲೆ ಪಾಠ ಹೇಳಿರುವ ನಾನು ಮಂಡಿಯೂರಿದೆ, ಅವರ ಕಿವಿಯ ಹತ್ತಿರಕ್ಕೆ ಬಗ್ಗಿದೆ.

"ಸಾರ್, ಅಪ್ಪನ ಪಕ್ಕದಲ್ಲಿ ಜಾಗ ಮಾಡಿದ್ದಾರಂತೆ. ಹುಣಸೆ ಮರದ ನೆರಳಿದೆಯಂತೆ. ಬಿಸಿಲು ತಾಕಲ್ಲವಂತೆ."

ಎದ್ದು ನಿಂತೆ. ತಮ್ಮ ಇನ್ನೂ ನನ್ನನ್ನೇ ನೋಡುತ್ತಿದ್ದರು.

"ಏನಂದ್ರು ಸಾ?"

ನೋಡಿದ್ದು, ಕೇಳಿದ್ದು ಹೇಳಬೇಕು. ಅಂದುಕೊಂಡದ್ದನ್ನು ಟೇಬಲ್ಲಿನ ಮೇಲೆ ಬಿಟ್ಟು ಬರಬೇಕು.

"ಆಗ್ಲಿ ಅಂದ್ರು" ಎಂದೆ.

ಅವರು ತಲೆಯಾಡಿಸಿದರು. ಗುದ್ದಲಿ ಎತ್ತಿ ಹೆಗಲಿಗೇರಿಸಿಕೊಂಡು, ದಾರಿ ತೋರಿಸಲು ಮುಂದೆ ನಡೆದರು.